ಗಡಗಳಿಗೆ ಅಂಜಿದ ಇಂಗ್ಲಿಷರು: ನಿಪ್ಪಾಣಿಯ 1841

ನಿಪ್ಪಾಣಿ ಎಂದರೆ ಈಗ ತಂಬಾಕಿನ ಪೇಟೆ. ಆದರೆ ಇನ್ನೂರು ವರ್ಷಗಳ ಹಿಂದೆ ಇದು ದಂಡಾಳುಗಳ ಊರು. ಇಲ್ಲಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳಕರ ಪೇಶ್ವೆಯ ಸರಲಷ್ಕರ, ಅಂದರೆ ದಂಡಿನ ಮುಖ್ಯಸ್ಥ. ಅಪ್ಪಾ ದೇಸಾಯಿ ಎಂದೇ ಹೆಸರುವಾಸಿ. 1803ರಲ್ಲಿ ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಪುಣೆಯತ್ತ ದಂಡು ನಡೆಸಿದಾಗ ಈತನ ಕುದುರೆ ಸವಾರರೂ ಜೊತೆಗಿದ್ದರು.

ಇಂಗ್ಲಿಷರೊಂದಿಗಿನ ಆ ಸ್ನೇಹ ಬಹಳ ಕಾಲ ನಡೆಯಲಿಲ್ಲ. 1818ರಲ್ಲಿ ಪೇಶ್ವೆ ಬಿದ್ದ ಮೇಲೆ ಅಪ್ಪಾ ದೇಸಾಯಿಯ ಕೈಲಿದ್ದ ಚಿಕ್ಕೋಡಿ, ಮನೋಳಿ ಸೀಮೆಗಳು ಕೊಲ್ಹಾಪುರಕ್ಕೆ ಹೋದವು. 1827ರಲ್ಲಿ ಕೊಲ್ಹಾಪುರದಿಂದಲೂ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಅವನ್ನು ಕಿತ್ತುಕೊಂಡಿತು. 1839ರಲ್ಲಿ ಅಪ್ಪಾ ದೇಸಾಯಿ ತೀರಿಕೊಂಡ. ವಾರಸುದಾರಿಕೆಯನ್ನು ಕಂಪನಿ ಒಪ್ಪಲಿಲ್ಲ, ಸಂಸ್ಥಾನ ಮುಳುಗಿತು. ದೇಸಗತಿಯ ಅನ್ನ ಉಂಡಿದ್ದ ಅರಬ್ ಸಿಪಾಯಿಗಳು 1841ರಲ್ಲಿ ಕೋಟೆ ಹಿಡಿದು ಕೂತರು. ಬೆಳಗಾವಿಯ ದಂಡು ತೋಪುಗಳೊಂದಿಗೆ ಬಂದು ಕೋಟೆ ಗೆದ್ದಿತು. ಬಳಿಕ ಅದನ್ನು ಕೆಡವಲಾಯಿತು. ದೇಸಾಯರ ವಾಡೆ ಮಾತ್ರ ಊರ ನಡುವೆ ಇಂದಿಗೂ ಇದೆ.

ಒಳನಾಡಿನ ಕೋಟೆಗಳಿಗೆ ಇಂಗ್ಲಿಷರು ಅಂಜಿದ್ದೇಕೆ? ಮುಂಬಯಿಯಲ್ಲಿ ಅವರ ತೋಪುಗಳು ಸಮುದ್ರದತ್ತ ಮುಖ ಮಾಡಿದ್ದವು. ಮೊದಲು ಫ್ರೆಂಚರ ಭಯ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಷ್ಯದ ಹಡಗುಗಳ ಭಯ. ನಮ್ಮ ಸೀಮೆಯಲ್ಲಿ ಲೆಕ್ಕವೇ ಬೇರೆ. ಕಡಲು ಇಲ್ಲಿ ಅವರ ಬೆನ್ನಾಸರೆ: ವೆಂಗುರ್ಲಾ ಬಂದರಿನಿಂದ ರಾಮಘಾಟ ಹತ್ತಿ ಬೆಳಗಾವಿ ಛಾವಣಿಗೆ ಸರಕು ಬರುತ್ತಿತ್ತು. ಆ ದಾರಿಯನ್ನು ಕಾಣುವ ಸಹ್ಯಾದ್ರಿಯ ಗಡಗಳು, ಅಂದರೆ ಬೆಟ್ಟದ ಕೋಟೆಗಳು, ಬೇರೆಯವರ ಕೈಯಲ್ಲಿದ್ದುದೇ ಅವರ ಚಿಂತೆ.

ಚಿಂತೆ ನಿಜವಾದದ್ದು 1844ರಲ್ಲಿ. ಗಡ ಕಾಯುವುದು ಗಡಕರಿಗಳ ವಂಶದ ಕೆಲಸ, ಅದಕ್ಕೆ ಪ್ರತಿಯಾಗಿ ಇನಾಮು ಭೂಮಿ. ಕೊಲ್ಹಾಪುರದಲ್ಲಿ ಇಂಗ್ಲಿಷರು ನೇಮಿಸಿದ್ದ ಕಾರಭಾರಿ ದಾಜಿ ಪಂಡಿತ ಆ ಭೂಮಿಗೇ ಕೈಹಾಕಿದ. ಭೂದರಗಡ, ಸಾಮಾನಗಡಗಳ ಬಾಗಿಲು ಮುಚ್ಚಿದವು. ಅಕ್ಟೋಬರ್ 13ರಂದು ಸಾಮಾನಗಡಕ್ಕೆ ಲಗ್ಗೆ, ಡಿಸೆಂಬರ್ 1ಕ್ಕೆ ದಂಗೆಕೋರರು ಹಿಡಿದಿದ್ದ ಪನ್ಹಾಳ ಗಡದ ಪತನ. ಪನ್ಹಾಳದ ಗೋಡೆಯೊಳಗೆ ಇಂಗ್ಲಿಷ್ ಅಧಿಕಾರಿ ಕರ್ನಲ್ ಓವನ್ಸ್ ಸೆರೆಯಾಳಾಗಿದ್ದ. ದಂಗೆ ಸಾವಂತವಾಡಿಗೂ ಹಬ್ಬಿತು. ಇದನ್ನು ಕೂಲಿ ಸಿಪಾಯಿಗಳ ಗಲಾಟೆ ಎಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ತಲೆತಲಾಂತರದ ಹೊಲ ಕಳೆದುಕೊಳ್ಳುವವನ ಸಿಟ್ಟು ಅದು.

ಗೆದ್ದ ಮೇಲೆ ಆ ಗಡಗಳನ್ನೂ ಉಳಿಸಲಿಲ್ಲ. ಈ ಭಾಗದ ಬುರುಜು ಮುರಿದಿದ್ದರೆ ಮಳೆಗಾಳಿಯನ್ನಷ್ಟೇ ದೂರಿದರೆ ಸಾಲದು. ಮತ್ತೊಮ್ಮೆ ಯಾರೂ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳಬಾರದೆಂದು ಹುಕುಂ ಕೊಟ್ಟು ಕೆಡವಿಸಿದ್ದೂ ಇದೆ. ನಿಪ್ಪಾಣಿಯ ಶಾಲಾ ಮಕ್ಕಳಿಗೆ ಹೇಳಬೇಕಾದ ಸ್ವಂತ ಊರಿನ ಚರಿತ್ರೆ ಇದು.

ನೋಡಬೇಕೆನ್ನುವವರು ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ಸಂಕೇಶ್ವರಕ್ಕೆ ಬಂದು, ಅಲ್ಲಿಂದ ಗಡಹಿಂಗ್ಲಜ ದಾರಿಗೆ ತಿರುಗಿದರೆ ಸಾಮಾನಗಡ ಸಿಗುತ್ತದೆ. ಮೇಲೆ ಬಂಡೆ ಕೊರೆದು ಮೆಟ್ಟಿಲಿಟ್ಟ ಬಾವಿಗಳಿವೆ. ಒಳಗಿದ್ದವರು ಜುಲೈಯಿಂದ ಅಕ್ಟೋಬರ್‌ವರೆಗೆ ಹೇಗೆ ತಡೆದು ನಿಂತರು ಎಂಬುದು ಅವುಗಳ ಆಳ ಕಂಡಾಗ ತಿಳಿಯುತ್ತದೆ.