ಡೆರ್ ಶ್ವೈಗೆಂಡೆ ಶ್ಟೆರ್ನ್ (ಚಲನಚಿತ್ರ)

ಡೆರ್ ಶ್ವೈಗೆಂಡೆ ಶ್ಟೆರ್ನ್ (ಅರ್ಥ: ಮೌನ ನಕ್ಷತ್ರ) 1960ರಲ್ಲಿ ತೆರೆಕಂಡ ವೈಜ್ಞಾನಿಕ ಕಲ್ಪನೆಯ ಚಲನಚಿತ್ರ. ಪೂರ್ವ ಜರ್ಮನಿ ಮತ್ತು ಪೋಲೆಂಡ್ ಜಂಟಿಯಾಗಿ ನಿರ್ಮಿಸಿದ ಈ ಚಿತ್ರವನ್ನು ಕುರ್ಟ್ ಮೇಟ್ಸಿಗ್ ನಿರ್ದೇಶಿಸಿದರು. ಪೋಲೆಂಡಿನ ಲೇಖಕ ಸ್ಟಾನಿಸ್ಲಾವ್ ಲೆಮ್ ಅವರ 1951ರ ಕಾದಂಬರಿ ಇದಕ್ಕೆ ಆಧಾರ. ಹಲವು ದೇಶಗಳ ಗಗನಯಾತ್ರಿಗಳನ್ನು ಒಂದೇ ನೌಕೆಯಲ್ಲಿ ಕಳುಹಿಸಿದ ಆರಂಭಕಾಲದ ಚಿತ್ರಗಳಲ್ಲಿ ಇದೂ ಒಂದು.

ಕಥಾವಸ್ತು

ಗೋಬಿ ಮರುಭೂಮಿಯಲ್ಲಿ ದೊರೆತ ಅಪರಿಚಿತ ವಸ್ತುವೊಂದು 1908ರ ತುಂಗುಸ್ಕಾ ಸ್ಫೋಟಕ್ಕೆ ಸಂಬಂಧಿಸಿದ್ದೆಂದು ತಿಳಿಯುತ್ತದೆ. ಅದರ ಮೂಲವನ್ನು ಅರಸಿ ಕಾಸ್ಮೊಕ್ರಾಟರ್ ಎಂಬ ನೌಕೆಯಲ್ಲಿ ಎಂಟು ಮಂದಿ ಶುಕ್ರಗ್ರಹಕ್ಕೆ ತೆರಳುತ್ತಾರೆ. ಭೂಮಿಯನ್ನು ನಾಶಮಾಡಲು ಹೊರಟಿದ್ದ ಅಲ್ಲಿನ ನಾಗರಿಕತೆಯು ತನ್ನದೇ ಅಸ್ತ್ರಕ್ಕೆ ಬಲಿಯಾಗಿರುವುದನ್ನು ಅವರು ಕಾಣುತ್ತಾರೆ.

ಪಾತ್ರಗಳು ಮತ್ತು ಪ್ರಾತಿನಿಧ್ಯ

ಇದೇ ಕಾಲದ ಅಮೆರಿಕದ ಚಿತ್ರಗಳಲ್ಲಿ ಗಗನಯಾತ್ರಿಗಳು ಬಹುತೇಕ ಬಿಳಿಯ ಪುರುಷರೇ ಆಗಿದ್ದರು. ಡೆಸ್ಟಿನೇಷನ್ ಮೂನ್ (1950) ಚಿತ್ರದ ನಾಲ್ವರು ಯಾತ್ರಿಗಳೂ, ಫರ್ಬಿಡನ್ ಪ್ಲಾನೆಟ್ (1956) ಚಿತ್ರದ ನೌಕಾ ಸಿಬ್ಬಂದಿಯೂ ಇದಕ್ಕೆ ನಿದರ್ಶನ. ಕಾಂಕ್ವೆಸ್ಟ್ ಆಫ್ ಸ್ಪೇಸ್ (1955) ಚಿತ್ರದಲ್ಲಿ ಜಪಾನೀ ಪಾತ್ರವೊಂದಿದ್ದರೂ ಅದನ್ನು ಚೀನೀ ಮೂಲದ ಅಮೆರಿಕನ್ ನಟ ಬೆನ್ಸನ್ ಫಾಂಗ್ ನಿರ್ವಹಿಸಿದರು.

ಮೇಟ್ಸಿಗ್ ಅವರ ಚಿತ್ರದಲ್ಲಿ ಸೋವಿಯತ್, ಅಮೆರಿಕನ್, ಜರ್ಮನ್ ಮತ್ತು ಪೋಲಿಷ್ ಯಾತ್ರಿಗಳ ಜೊತೆಗೆ ಚೀನಾದ ಭಾಷಾವಿಜ್ಞಾನಿ, ಆಫ್ರಿಕಾದ ಸಂಪರ್ಕ ತಂತ್ರಜ್ಞ ತಲುವಾ, ಭಾರತದ ಗಣಿತಜ್ಞ ಸಿಕರ್ಣ ಹಾಗೂ ಜಪಾನಿನ ವೈದ್ಯೆ ಸುಮಿಕೊ ಇದ್ದಾರೆ. ಸುಮಿಕೊ ಪಾತ್ರವನ್ನು ಯೋಕೊ ತಾನಿ ನಿರ್ವಹಿಸಿದರು. ಅಮೆರಿಕದ ದೂರದರ್ಶನ ಸರಣಿ ಸ್ಟಾರ್ ಟ್ರೆಕ್‌ನಲ್ಲಿ ಕಪ್ಪು ವರ್ಣೀಯ ಸಂಪರ್ಕಾಧಿಕಾರಿಯ ಪಾತ್ರ ಕಾಣಿಸಿಕೊಂಡದ್ದು ಇದಾದ ಆರು ವರ್ಷಗಳ ನಂತರ.

ಆದರೆ ಈ ವೈವಿಧ್ಯಕ್ಕೆ ಮಿತಿಗಳಿದ್ದವು. ಭಾರತೀಯ ಗಣಿತಜ್ಞನ ಪಾತ್ರವನ್ನು ಜರ್ಮನ್ ನಟ ಕುರ್ಟ್ ರಾಕೆಲ್‌ಮನ್ ನಿರ್ವಹಿಸಿದರು. ಎಂಟು ಮಂದಿಯಲ್ಲಿ ಮಹಿಳೆ ಒಬ್ಬರೇ. ಅವರ ಕಥೆಯ ಒಂದು ಭಾಗ ಜರ್ಮನ್ ಚಾಲಕನೊಂದಿಗಿನ ಹಳೆಯ ಪ್ರೇಮಕ್ಕೆ ಸೀಮಿತವಾಗಿದೆ. ಯಾತ್ರೆಯ ನಾಯಕತ್ವ ಸೋವಿಯತ್ ವಿಜ್ಞಾನಿಯದು. ಭೂಮಿಗೆ ಹಿಂದಿರುಗದ ಮೂವರಲ್ಲಿ ಚೀನೀ ವಿಜ್ಞಾನಿ ಮತ್ತು ತಲುವಾ ಸೇರಿದ್ದಾರೆ. ಹೀಗೆ ನೌಕೆಯಲ್ಲಿ ಎಲ್ಲರಿಗೂ ಸ್ಥಾನ ದೊರೆತರೂ ಆ ಸ್ಥಾನಗಳು ಸಮಾನವಾಗಿರಲಿಲ್ಲ.

ಅಮೆರಿಕದ ಆವೃತ್ತಿ

1962ರಲ್ಲಿ ಈ ಚಿತ್ರವು ಫಸ್ಟ್ ಸ್ಪೇಸ್‌ಶಿಪ್ ಆನ್ ವೀನಸ್ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಡಬ್ ಆಗಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಅವಧಿಯನ್ನು ಸುಮಾರು 80 ನಿಮಿಷಗಳಿಗೆ ಇಳಿಸಿ, ಹಿರೋಶಿಮಾದ ಅಣುಬಾಂಬ್ ದಾಳಿಯ ಕುರಿತಾದ ಮಾತುಗಳನ್ನು ಕತ್ತರಿಸಲಾಯಿತು. ಸೋವಿಯತ್ ನಾಯಕನ ಪಾತ್ರವನ್ನು ಅಮೆರಿಕನ್ ಎಂದು ಬದಲಾಯಿಸಲಾಯಿತು. ಇದರಿಂದ ಹಿರೋಶಿಮಾದ ನೆನಪನ್ನು ಹೊತ್ತ ಸುಮಿಕೊ ಪಾತ್ರದ ಹಿನ್ನೆಲೆಯೂ, ಅಣ್ವಸ್ತ್ರಗಳ ವಿರುದ್ಧ ಚಿತ್ರ ನೀಡಿದ್ದ ಎಚ್ಚರಿಕೆಯೂ ಮಸುಕಾದವು.