ಆಮೆ ಊಟ ಬಿಟ್ಟರೆ ಕೆರೆಗೆ ಬಿಡಬೇಡಿ!

ಹೆಬ್ಬಾಳ: ಆಮೆ ಬಂದರೆ ಲಕ್ಷ್ಮಿ ಬಂದ ಹಾಗೆ ಅಂತ ಯಾರೋ ಅಂದರು, ಯಜಮಾನರು ತಂದರು. ನಾಲ್ಕು ತಿಂಗಳಿಗೆ ಅದರ ಕಣ್ಣು ಊದಿ ಮುಚ್ಚಿಕೊಂಡಿತು. ಯಲಹಂಕ, ಆರ್.ಟಿ. ನಗರದ ಗಾಜಿನ ತೊಟ್ಟಿಗಳಲ್ಲಿರುವ ಕೆಂಪುಕಿವಿ ಆಮೆಗಳ ಮಾಮೂಲಿ ಕಥೆ ಇದು.

ದೃಷ್ಟಿ ತಾಗಿದ್ದಲ್ಲ ಸ್ವಾಮಿ! ಬರೀ ಒಣ ಸೀಗಡಿ ಹಾಕಿ ಸಾಕಿದರೆ ‘ಎ’ ಜೀವಸತ್ವ ಸಾಲದೆ ರೆಪ್ಪೆ ಊದುತ್ತದೆ. ಕಣ್ಣು ಕಾಣದ ಆಮೆ ತಿನ್ನುವುದೂ ಇಲ್ಲ. ಸೊಪ್ಪು, ಕ್ಯಾರೆಟ್ ತುರಿ ಮೊದಲಿಂದಲೇ ಕೊಡಬೇಕು. ಚಿಪ್ಪು ಮೆತ್ತಗಾದರೆ ಸುಣ್ಣದಂಶ, ಬಿಸಿಲು ಎರಡೂ ಸಾಲದು ಎಂದರ್ಥ. ಕಿಟಕಿಯಿಂದ ಬಿಸಿಲು ಬರುತ್ತಲ್ಲ ಎನ್ನಬೇಡಿ, ಬೇಕಾದ ಕಿರಣವನ್ನು ಗಾಜೇ ತಡೆಯುತ್ತದೆ. ಹತ್ತಿ ಮೈ ಒಣಗಿಸಲು ಒಂದು ಕಲ್ಲು, ಪಕ್ಕದಲ್ಲಿ ನೆರಳು ಇರಲಿ.

ಒಂದು ಕಡೆ ವಾಲಿ ತೇಲುತ್ತಾ ಬಾಯಿ ತೆರೆದು ಉಸಿರಾಡಿತೋ, ನ್ಯುಮೋನಿಯಾ ಇರಬಹುದು. ಧನುರ್ಮಾಸದ ಚಳಿಯಲ್ಲಿ ಹುಷಾರು. ನೀರು 25 ಡಿಗ್ರಿ ಆಸುಪಾಸು ಇರಬೇಕು. ಮೆಡಿಕಲ್ ಸ್ಟೋರಿನ ಹನಿ ಔಷಧ ನಂಬಿ ಕೂರಬೇಡಿ. ‘ಎ’ ಜೀವಸತ್ವದ ಸೂಜಿ ಹೆಚ್ಚಾದರೆ ಚರ್ಮವೇ ಸುಲಿಯುತ್ತದೆ! ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯ ಕಾಲೇಜಿದೆ, ದನ-ನಾಯಿಗೆ ಮಾತ್ರ ಅಂದುಕೊಂಡವರೇ ಜಾಸ್ತಿ. ಆಮೆಯನ್ನೂ ಒಯ್ದು ಕೇಳಿ.

ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆಮೆಯಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಭೇದಿ ಹರಡಿತೆಂದೇ ಅಮೆರಿಕ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿತು.

ಬೇಜಾರಾಯಿತೆಂದು ಕೆರೆಗೆ ಸುರಿದರೆ ಈ ಪರದೇಶಿ ಆಮೆ ನಮ್ಮ ಆಮೆಗಳ ಅನ್ನ ಕಸಿಯುತ್ತದೆ. ಹಾಗಂತ ಕೆರೆಯ ಆಮೆಯನ್ನೋ ನಕ್ಷತ್ರ ಆಮೆಯನ್ನೋ ಮನೆಗೆ ತಂದೀರಿ, 1972ರ ವನ್ಯಜೀವಿ ಕಾಯ್ದೆಯಡಿ ಕೇಸು ಬೀಳುತ್ತದೆ!