ಹರಿಗೋಲಿನಲ್ಲಿ ಮೀನು ಹಿಡಿಯುವುದು: ಹೊಸಬರು ಮೊದಲು ಕಲಿಯತಕ್ಕ ವಿಷಯಗಳು

ಕೆರೆಗಳಲ್ಲಿಯೂ ಜಲಾಶಯಗಳಲ್ಲಿಯೂ ದಡದಲ್ಲಿ ನಿಂತು ಬಲೆ ಬೀಸಿ ಹಿಡಿಯಬಹುದಾದ ಮೀನು ಸ್ವಲ್ಪವೇ ಸರಿ. ದೊಡ್ಡ ಮೀನುಗಳು ಬಹುಮಟ್ಟಿಗೆ ನೀರು ಆಳವಾಗಿರುವ ಕಡೆಯಲ್ಲಿ ಸಂಚರಿಸುವುವು. ಅಲ್ಲಿಗೆ ಹೋಗುವುದಕ್ಕೆ ಕಡಮೆ ವೆಚ್ಚದ ಸಾಧನವೆಂದರೆ ಹರಿಗೋಲು. ಕೆರೆಗೆ ಮೀನುಮರಿಗಳನ್ನು ಬಿಟ್ಟು ಬೆಳೆಸುವ ಗ್ರಾಮಗಳಲ್ಲಿ ಈ ಕಸುಬಿಗೆ ಹೊಸದಾಗಿ ಇಳಿಯುವ ಯುವಕರುಂಟು. ಇವರಲ್ಲಿ ಅನೇಕರು ಬಲೆಯನ್ನು ಕೊಳ್ಳುವುದಕ್ಕೆ ಆತುರಪಡುವರೇ ಹೊರತು, ಹರಿಗೋಲನ್ನು ನಡೆಸಲು ಕಲಿಯುವುದಕ್ಕೆ ಆತುರಪಡರು. ಪ್ರಾಣಾಪಾಯವು ಒದಗುವುದು ಇದರಿಂದಲೇ.

ಹರಿಗೋಲಿನ ಗುಣ.— ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಜನರು ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ಹೊಳೆಯನ್ನು ದಾಟುತ್ತಿದ್ದರೆಂದೂ, ಅವು ನೇರವಾಗಿ ಹೋಗದೆ ಸುತ್ತುತ್ತಲೇ ಸಾಗುತ್ತಿದ್ದುವೆಂದೂ ಬರೆದಿರುವನು. ಆಗ ಹೊದಿಕೆಯು ಚರ್ಮದ್ದಾಗಿತ್ತು. ಈಗ ಬಿದಿರಿನ ಹೆಣಿಗೆಗೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಟಾರು ಬಳಿಯುವರು. ಫೈಬರ್ ಗ್ಲಾಸಿನ ಹರಿಗೋಲುಗಳೂ ಬಳಕೆಗೆ ಬಂದಿವೆ. ಹೊದಿಕೆಯು ಬದಲಾದರೂ ಗುಣವು ಬದಲಾಗಿಲ್ಲ. ತಳವು ಚಪ್ಪಟೆಯಾಗಿರುವುದರಿಂದ ಅದು ಕೆಲವು ಅಂಗುಲ ನೀರಿನಲ್ಲಿಯೂ ತೇಲುವುದು. ಚಿಕ್ಕದನ್ನು ಒಬ್ಬನೇ ಹೊತ್ತು ಸಾಗಿಸಬಹುದು. ಆದರೆ ಉದ್ದದ ದೋಣಿಗಿರುವಂತೆ ಮೂತಿಯಾಗಲಿ ತಳದ ದಿಂಡಾಗಲಿ ಇದಕ್ಕಿಲ್ಲದ ಕಾರಣ, ಗಾಳಿಯೂ ಸೆಳೆತವೂ ಅದನ್ನು ಸುಲಭವಾಗಿ ಎಳೆದೊಯ್ಯುವುವು. ಭಾರವು ನಡುವೆ, ತಗ್ಗಿನಲ್ಲಿ ಇರುವವರೆಗೆ ಅದು ಸ್ಥಿರವಾಗಿರುವುದು. ಒಬ್ಬನು ಎದ್ದು ನಿಂತರೆ, ಅಥವಾ ಇಬ್ಬರು ಒಂದೇ ಅಂಚಿಗೆ ಸರಿದರೆ, ಆ ಅಂಚು ತಗ್ಗಿ ನೀರು ಒಳನುಗ್ಗುವುದು.

ಮೊದಲ ಅಭ್ಯಾಸ.— ಕಲಿಯತಕ್ಕವನಿಗೆ ಈಜು ಬರಬೇಕು. ಬಂದರೂ ತೇಲುವ ಅಂಗಿಯನ್ನು ತೊಡದೆ ಹೊರಡಕೂಡದು. ಗಾಳಿಯಿಲ್ಲದ ಬೆಳಗಿನಲ್ಲಿ, ಸೊಂಟದ ಮಟ್ಟದ ನೀರಿರುವ ಕೆರೆಯ ಅಂಚಿನಲ್ಲಿ, ಬಲೆಯಿಲ್ಲದೆ ಅಭ್ಯಾಸ ಮಾಡತಕ್ಕದ್ದು. ಹುಟ್ಟನ್ನು ಪಕ್ಕದಲ್ಲಿ ಹಾಕಿದರೆ ಹರಿಗೋಲು ನಿಂತಲ್ಲಿಯೇ ಗಿರಗಿರನೆ ತಿರುಗುವುದು. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಹುಟ್ಟನ್ನು ಎದುರಿಗೆ ನೀಡಿ, ನೀರನ್ನು ಸ್ವಲ್ಪ ಎಡಕ್ಕೂ ಸ್ವಲ್ಪ ಬಲಕ್ಕೂ ಮಾಡುತ್ತ ತನ್ನ ಕಡೆಗೆ ಎಳೆದುಕೊಂಡರೆ ಅದು ಮುಂದಕ್ಕೆ ಸಾಗುವುದು. ಗುರುತಿಟ್ಟ ಒಂದು ಸ್ಥಳಕ್ಕೆ ನೇರವಾಗಿ ಹೋಗಿ ಹಿಂತಿರುಗುವ ಶಕ್ತಿ ಬಂದ ಮೇಲೆಯೇ ಬಲೆಯನ್ನು ಮುಟ್ಟತಕ್ಕದ್ದು.

ಬಲೆಯ ಕೆಲಸ.— ಇಬ್ಬರಿರಬೇಕು, ಒಬ್ಬನು ಹುಟ್ಟು ಹಾಕುವುದು, ಇನ್ನೊಬ್ಬನು ಬಲೆ ನೋಡುವುದು. ಹೊಸಬರಿಗೆ ಬೀಸುಬಲೆಗಿಂತ, ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಬಲೆಯು ಕ್ಷೇಮಕರ. ಕುಳಿತೇ ಬಿಡಬಹುದು, ಕುಳಿತೇ ಎತ್ತಬಹುದು. ಅದನ್ನು ಸಂಜೆ ಬೆಳಕಿರುವಾಗ ಬಿಟ್ಟು ಬೆಳಗ್ಗೆ ಎತ್ತುವುದು ವಾಡಿಕೆ. ಕಾಟ್ಲಾ ಮೀನು ನೀರಿನ ಮೇಲ್ಪದರದಲ್ಲಿಯೂ, ರೋಹು ನಡುವಿನಲ್ಲಿಯೂ, ಮೃಗಾಲ್ ತಳದಲ್ಲಿಯೂ ಮೇಯುವುದರಿಂದ, ಬಲೆಯ ಆಳವನ್ನು ಬೇಕಾದ ಮೀನಿಗೆ ತಕ್ಕಂತೆ ಗೊತ್ತುಮಾಡಬೇಕು. ಕಣ್ಣು ದೊಡ್ಡದಾಗಿರುವ ಬಲೆಯಿಂದ ಮರಿಗಳು ಪಾರಾಗಿ ಮುಂದಿನ ವರ್ಷಕ್ಕೆ ಉಳಿಯುವುವು. ಬಲೆಯ ಹಗ್ಗವನ್ನು ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಕೂಡದು. ಹಗ್ಗ ಕತ್ತರಿಸುವ ಚೂರಿಯೂ ನೀರು ತೋಡುವ ಡಬ್ಬಿಯೂ ಕೈಗೆಟಕುವಂತಿರಬೇಕು. ಹರಿಗೋಲು ಮಗುಚಿದರೆ ದಡಕ್ಕೆ ಈಜಲು ಹೊರಡದೆ, ತೇಲುತ್ತಿರುವ ಅದನ್ನೇ ಹಿಡಿದುಕೊಂಡಿರುವುದು ಮೇಲು. ಜಲಾಶಯಗಳಲ್ಲಿ ಮುಳುಗಿದ ಮರಗಳ ಬೊಡ್ಡೆಗಳು ಹೊದಿಕೆಯನ್ನು ಹರಿಯುವುವಾದುದರಿಂದ ಅಂತಹ ಸ್ಥಳಗಳನ್ನು ಅನುಭವಸ್ಥರಿಂದ ಕೇಳಿ ತಿಳಿಯತಕ್ಕದ್ದು.

ಗ್ರಾಮದ ಮುಖ್ಯಸ್ಥರು ಗಮನಿಸತಕ್ಕದ್ದು.— ಕೆರೆಯು ತಮ್ಮ ಜಮೀನಿಗೆ ಹೊಂದಿಕೊಂಡಿದ್ದ ಮಾತ್ರಕ್ಕೆ ಅದರ ಮೀನು ಭೂಮಾಲೀಕರದಾಗುವುದಿಲ್ಲ. ಕರ್ನಾಟಕದಲ್ಲಿ ಒಳನಾಡು ಮೀನುಗಾರಿಕೆಗೆ 1996ರ ಅಧಿನಿಯಮವುಂಟು. ಗುತ್ತಿಗೆ ಅಥವಾ ಪರವಾನಗಿಯ ವಿಷಯವನ್ನು ಗ್ರಾಮ ಪಂಚಾಯಿತಿಯಲ್ಲಿಯೂ ಮೀನುಗಾರಿಕೆ ಇಲಾಖೆಯಲ್ಲಿಯೂ ಮೊದಲೇ ವಿಚಾರಿಸತಕ್ಕದ್ದು. ವಿಷ ಹಾಕಿ, ಮದ್ದು ಸಿಡಿಸಿ ಮೀನು ಹಿಡಿಯುವುದಕ್ಕೆ ಯಾರಿಗೂ ಅವಕಾಶ ಕೊಡಕೂಡದು. ಅಣೆಕಟ್ಟಿನಿಂದ ನೀರು ಬಿಡುವ ದಿನಗಳಲ್ಲಿಯೂ, ಹೊಳೆಯು ಕೆಂಪಾಗಿ ಏರಿದಾಗಲೂ, ಗಾಳಿಯೆದ್ದಾಗಲೂ ಹರಿಗೋಲನ್ನು ನೀರಿಗಿಳಿಸದಂತೆ ಎಚ್ಚರಿಸತಕ್ಕದ್ದು. ಊರಿನಲ್ಲಿ ಹರಿಗೋಲು ನಡೆಸಿ ಪಳಗಿದ ಹಿರಿಯರೊಬ್ಬರಿದ್ದರೆ, ಹೊಸಬರನ್ನು ಕೆಲವು ದಿನ ಅವರ ಕೈಕೆಳಗೆ ಬಿಡುವ ಏರ್ಪಾಡು ಮಾಡಿದರೆ ಬಹಳ ಪ್ರಯೋಜನವಾಗುವುದು. ಒಂದು ದಿನ ಬಲೆಗೆ ಬೀಳದ ಮೀನು ಮರುದಿನ ಬಿದ್ದೀತು. ಹೋದ ಜೀವವು ಮರಳದು.